ಬ್ಯುರೆಟ್ಟಿನ ಟೀಚರಮ್ಮ

ಬೆಳಗ್ಗೆ ಎಂಟು ಇಪ್ಪತ್ತಕ್ಕೆ ಕೆಮಿಸ್ಟ್ರಿ ಟೀಚರಮ್ಮ ಹಸುಗೂಸಿಗೆ ನೀರೆರೆದಂತೆ ತುದಿಯಲ್ಲಿ ನಲ್ಲಿಯಿರುವ ಅಳತೆಯ ಗಾಜುಕೊಳವೆಗಳಾದ ಬ್ಯುರೆಟ್ಟುಗಳನ್ನು ತೊಳೆದು ಸಾಲಾಗಿ ನಿಲ್ಲಿಸುತ್ತಿದ್ದರು. ಅದೇ ತರಗತಿಯಲ್ಲಿದ್ದ ಮಗಳಿಗೂ ಆ ಕೋಣೆಯಲ್ಲಿ ಅವರು ಅಮ್ಮನಲ್ಲ, ಮಿಸ್ಸು. “ಆಮ್ಲಕ್ಕೆ ಪ್ರತ್ಯಾಮ್ಲ ಹನಿಹನಿಯಾಗಿ ಬೀಳ್ಲಿ ಕಣ್ರೇ, ತಿಳಿಗುಲಾಬಿ ಬಂತೋ, ನಿಲ್ಸಿ! ಇನ್ನೊಂದು ಹನಿ ಬಿದ್ರೆ ಅದು ಗುಲಾಬಿಯಲ್ಲ, ಗಾಬರಿ!” ಎಂದು ಬೆಂಚಿಂದ ಬೆಂಚಿಗೆ ಓಡುವರು, ಮನೆಯಲ್ಲಿ ಸಾರಿಗೆ ಹುಳಿ ಹಿಂಡುವಾಗಲೂ ಉಸಿರು ಬಿಗಿಹಿಡಿಯುವರು. ಪರೀಕ್ಷೆಯ ದಿನ ಮಗಳು ನಲ್ಲಿ ನಿಲ್ಲಿಸುವುದು ತಡವಾಗಿ, ಫ್ಲಾಸ್ಕಿನ ನೀರು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಬ್ಯುರೆಟ್ಟಿನಿಂದ ಹತ್ತು ಮಿಲಿಲೀಟರ್ ಇಳಿದಿದ್ದರಷ್ಟೇ ಪೂರ್ತಿ ಅಂಕವೆಂದು ಇಬ್ಬರಿಗೂ ಗೊತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ದೂರದಿಂದಲೇ, “ಎಷ್ಟು ತೋರಿಸ್ತಿದೆ, ಮೇಡಂ?” ಎಂದರು. ಮಗಳು ತುಟಿಯಲ್ಲೇ “ಅಮ್ಮಾ” ಎಂದಳು. ಟೀಚರಮ್ಮ ಅವಳ ಹೆಗಲ ಮೇಲೆ ಕೈಯಿಟ್ಟರು. ಆ ಕೈಯ ಬಿಸಿ ಮಗಳಿಗೆ ಇಂದಿಗೂ ನೆನಪಿದೆ. ಆಮೇಲೆ ಗಟ್ಟಿಯಾಗಿ ಓದಿದರು: “ಹತ್ತು ಪಾಯಿಂಟ್ ಆರು.”