ಆಷಾಢದ ಟೆಸ್ಟ್ ರೈಡ್

ಮಾಗಡಿಯಲ್ಲಿ ನಮ್ಮದೊಂದು ಸ್ಕೂಟರ್ ಶೋರೂಮ್ ಇತ್ತು. ಶೋರೂಮ್ ಅಂದಕೂಡಲೇ ಗಾಜಿನ ಮಹಲು ಕಣ್ಣಿಗೆ ತಂದುಕೊಳ್ಳಬೇಡಿ. ಎರಡು ಶಟರಿನ ಅಂಗಡಿ, ಮುಂದೆ ನಾಲ್ಕಾರು ಗಾಡಿ ನಿಲ್ಲುವಷ್ಟು ಜಾಗ, ಹಿಂದೆ ಶೀಟು ಹೊದಿಸಿದ ವರ್ಕ್‌ಶಾಪ್. ನನ್ನ ಗಂಡ ಮೆಕ್ಯಾನಿಕ್ಕಾಗಿ ಬದುಕು ಶುರು ಮಾಡಿದವರು. ಅವರ ಕೈಗುಣ ನೋಡಿ ರಾಮನಗರದ ದೊಡ್ಡ ಡೀಲರ್ ಒಬ್ಬರು ಮಾಗಡಿಗೆ ನೀವೇ ನಮ್ಮ ಸಬ್ ಡೀಲರ್ ಅಂತ ಕಂಪನಿ ಬೋರ್ಡು ಕೊಟ್ಟಿದ್ದರು. ವರ್ಕ್‌ಶಾಪು ಅವರದು, ಮುಂದಿನ ಕೌಂಟರು ನನ್ನದು. ಆ ಬೋರ್ಡಿನ ಕೆಳಗೆ ಕೂತರೆ ನನಗೆ ಒಂದು ಗತ್ತು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗಾಡಿ ಮಾರುವವರು ಗಾಡಿಯಲ್ಲೇ ಕೊಬ್ಬುತ್ತಾರೆ ಅನ್ನುವುದು ಊರವರ ಎಣಿಕೆ. ಕೌಂಟರಿಗೆ ಕೂರುವ ತನಕ ನನ್ನದೂ ಅದೇ ಎಣಿಕೆಯಾಗಿತ್ತು. ಆಮೇಲೆ ಗೊತ್ತಾಯಿತು, ಹೊಸ ಗಾಡಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಅದರಲ್ಲೂ ದೊಡ್ಡ ಡೀಲರ್ ಪಾಲು ತೆಗೆದ ಮೇಲೆ ನಮಗೆ ಸಿಗುತ್ತಿದ್ದದ್ದು ತಾಂಬೂಲದ ಕಾಸು. ಲಾಭ ಇರುವುದೆಲ್ಲ ಗಾಡಿಯ ಸುತ್ತಮುತ್ತ. ಗಿರಾಕಿ ಸಾಲ ಮಾಡಿ ತಗೊಂಡರೆ ಸಾಲ ಕೊಟ್ಟವರಿಂದ ನಮಗೆ ಕಮಿಷನ್. ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಿದರೆ ಒಂದಿಷ್ಟು. ಗಾರ್ಡು, ಸೀಟ್ ಕವರು, ಮ್ಯಾಟು, ವಾರಂಟಿ ಇನ್ನೆರಡು ವರ್ಷ ಮುಂದಕ್ಕೆ ಹಾಕಿಸುವುದು, ಇವುಗಳಲ್ಲಿ ಇನ್ನಷ್ಟು. ಇವನ್ನೆಲ್ಲ ಬಾಯಿಬಿಟ್ಟು ಮಾರಬೇಕು. ನನ್ನ ಗಂಡನಿಗೆ ಆ ಬಾಯಿ ಇರಲಿಲ್ಲ. ಸೀಟ್ ಕವರ್ ಹಾಕಿಸಲಾ ಅಂತ ಗಿರಾಕಿ ಕೇಳಿದರೆ, "ಸೀಟು ಚೆನ್ನಾಗೇ ಐತಲ್ಲ, ಹರಿದ ಮ್ಯಾಕೆ ಹಾಕುಸ್ಕೊಳಿ" ಅನ್ನುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ಎಷ್ಟು ಸಲ ಬೈದಿದ್ದೇನೋ.

ಅವರ ಲೆಕ್ಕವೇ ಬೇರೆ. ಗಾಡಿ ಮಾರುವುದು ಮದುವೆ ಊಟ ಹಾಕಿದ ಹಾಗೆ, ಅದು ಒಂದು ದಿನದ್ದು. ಸಂಸಾರ ನಡೆಯುವುದು ಆಮೇಲಿನ ಸರ್ವೀಸಿನಲ್ಲಿ ಅನ್ನುತ್ತಿದ್ದರು. ಆಯಿಲು, ಬ್ರೇಕು, ಕೂಲಿ, ನಂಬಿದ ಗಿರಾಕಿ ಮತ್ತೆ ಮತ್ತೆ ಬರುತ್ತಾನಲ್ಲ, ಅದೇ ಲಾಭವಂತೆ. ದೊಡ್ಡ ಡೀಲರ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಆ ವರ್ಷ ಬೇಸಿಗೆ ಕಳೆಯುತ್ತಿದ್ದ ಹಾಗೆ ಬಂದು ಕೂತು, ಹೊರಡುವ ಗಾಡಿಯೆಲ್ಲ ಸಾಲ, ಇನ್ಶೂರೆನ್ಸು, ವಾರಂಟಿ ಸಮೇತ ಹೊರಡಬೇಕು, ಇಲ್ಲದಿದ್ದರೆ ದಸರಾ ಆದ ಮೇಲೆ ಬೋರ್ಡು ಇನ್ನೊಬ್ಬರಿಗೆ ಹೋಗುತ್ತದೆ ಅಂತ ಮೆತ್ತಗೆ ಹೇಳಿ ಕಾಫಿ ಕುಡಿದು ಹೋದರು. ನನ್ನ ಗಂಡ ಅವತ್ತು ಮಧ್ಯಾಹ್ನ ಊಟವನ್ನೇ ಮಾಡಲಿಲ್ಲ. ಇನ್ನು ಇವರ ಬಾಯನ್ನು ನಂಬಿದರೆ ಆಗದು, ಬೋರ್ಡು ಉಳಿಸುವ ಕೆಲಸ ನನ್ನದೇ ಅಂತ ನಾನು ಸೆರಗು ಬಿಗಿದೆ.

ಬಿಗಿದದ್ದೇನೋ ಸರಿ, ಎದುರಿಗೆ ಬಂದದ್ದು ಆಷಾಢ. ನಮ್ಮ ಸೀಮೆಯಲ್ಲಿ ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವವರು ಯಾರೂ ಇಲ್ಲ. ನಿಂತ ಗಾಡಿಗಳ ಧೂಳು ಒರೆಸುವುದೇ ನನ್ನ ಉದ್ಯೋಗವಾಯಿತು. ಅಂಥ ಒಂದು ಸೋಮವಾರ ಅಕ್ಕೂರು ಕಡೆಯ ಹೊಸ ಮದುವೆಗಂಡು ಒಬ್ಬ ಬಂದ. ಅವನ ಹಿಂದೆಯೇ, ಬೇರೆ ಬಸ್ಸಿನಿಂದ ಇಳಿದು, ಅವನ ಹೆಂಡತಿ, ಗುಡೇಮಾರನಹಳ್ಳಿಯ ಹುಡುಗಿ, ಬಂದಳು. ಆಷಾಢ ಅಂತ ಅವಳನ್ನು ತವರಿಗೆ ಕರೆಸಿಕೊಂಡಿದ್ದರು. ಹೆಂಡತಿಗೆ ಅಂತ ಒಂದು ಸ್ಕೂಟರ್ ತಗೊಳ್ಳುತ್ತೇನೆ, ಸಾಲ ಮಾಡಿಯೇ ತಗೊಳ್ಳುತ್ತೇನೆ, ಮೊದಲು ಓಡಿಸಿ ನೋಡಬೇಕು ಅಂದ. ಸಾಲ ಅಂದ ಕೂಡಲೇ ನನ್ನ ಮುಖ ಅರಳಿತು. ಇಬ್ಬರೂ ಟೆಸ್ಟ್ ರೈಡಿಗೆ ಅಂತ ಹೋದರು. ನಮ್ಮ ಟೆಸ್ಟ್ ರೈಡು ಪೇಟೆ ಬೀದಿಯ ಆ ತುದಿಯಿಂದ ಈ ತುದಿ, ಅಷ್ಟೇ. ಬೆಳಿಗ್ಗೆ ಹೋದ ಇವರು ವಾಪಸ್ ಬಂದಾಗ ಸಂಜೆ ಟೀ ಹೊತ್ತಾಗಿತ್ತು, ಪೆಟ್ರೋಲ್ ಮುಳ್ಳು ಕೆಳಗೆ ಮಲಗಿತ್ತು.

ಮುಂದಿನ ಸೋಮವಾರವೂ ಬಂದರು. ಅದರ ಮುಂದಿನ ಸೋಮವಾರವೂ. ಬಣ್ಣ ಇನ್ನೂ ತೀರ್ಮಾನವಾಗಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಇವನು ಗಾಡಿ ನೋಡುವುದಕ್ಕೆ ಬರುತ್ತಿಲ್ಲ, ನಮ್ಮ ಪೆಟ್ರೋಲಿನಲ್ಲಿ ಹೆಂಡತಿಯನ್ನು ನೋಡುವುದಕ್ಕೆ ಬರುತ್ತಿದ್ದಾನೆ ಅಂತ ಗಂಡನ ಹತ್ತಿರ ಸಿಡುಕಿದೆ. ಅವರು ಸ್ಪ್ಯಾನರ್ ಕೆಳಗಿಡದೆ ನಕ್ಕರು. "ಆಷಾಢ ಕಣಮ್ಮಿ, ಒಸಿ ಸುತ್ತಾಡ್ಲಿ ಬುಡು. ನಾನು ಕೆಂಪಾಪುರಕ್ಕೆ ಎಷ್ಟು ಗಾಡಿ ರಿಪೇರಿಗೆ ಬಂದಿದ್ದೆ, ನೆಪ್ಪಿಲ್ವಾ?"

ನೆನಪಿಲ್ಲದೆ ಏನು. ನನ್ನ ತವರು ಕೆಂಪಾಪುರ. ನನ್ನ ಮೊದಲ ಆಷಾಢದಲ್ಲಿ ನಮ್ಮ ಬೀದಿಯ ಗಾಡಿಗಳಿಗೆಲ್ಲ ಇದ್ದಕ್ಕಿದ್ದ ಹಾಗೆ ಏನೋ ಒಂದು ರೋಗ ಬಂದಿತ್ತು. ಅತ್ತೆ ಅಳಿಯ ಒಂದೇ ಹೊಸಿಲು ದಾಟಬಾರದು ಅಂತ ಇವರು ನಮ್ಮ ಮನೆಗೆ ಬರುತ್ತಿರಲಿಲ್ಲ. ಎದುರು ಮನೆ ಜಗಲಿ ಮುಂದೆ ಕೂತು, ಚೆನ್ನಾಗಿಯೇ ಇದ್ದ ಕಾರ್ಬುರೇಟರನ್ನು ಬಿಚ್ಚಿ ಜೋಡಿಸಿ ಬಿಚ್ಚಿ ಜೋಡಿಸಿ ಮಾಡುತ್ತಿದ್ದರು. ನಾನು ನೀರು ಕೊಡುವ ನೆಪದಲ್ಲಿ ಹೋಗುತ್ತಿದ್ದೆ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನಗೆ ಇವರ ಮೇಲೆ ಕೋಪ ನಿಲ್ಲುವುದಿಲ್ಲ. ಆ ಸೋಮವಾರದಿಂದ ಟೆಸ್ಟ್ ಗಾಡಿಗೆ ನಾನೇ ಪೆಟ್ರೋಲ್ ಹಾಕಿಸಿಟ್ಟೆ. ಹಾಗಂತ ಸಾಲದ ಕಮಿಷನ್ನಿನ ಆಸೆ ಬಿಟ್ಟಿರಲಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ನನ್ನ ಸ್ಥಿತಿ ಅದೇ ಆಗಿತ್ತು.

ಮೊದಮೊದಲು ಹುಡುಗಿ ಹಿಂದೆ ಕೂರುತ್ತಿದ್ದಳು. ಬರುಬರುತ್ತಾ ಅವಳೇ ಮುಂದೆ ಕೂತು ಓಡಿಸಿಕೊಂಡು ಬರತೊಡಗಿದಳು, ಗಂಡ ಹಿಂದೆ ಪ್ರಾಣ ಕೈಯಲ್ಲಿ ಹಿಡಿದು ಕೂತಿರುತ್ತಿದ್ದ. ಆಷಾಢ ಮುಗಿಯುವ ಹೊತ್ತಿಗೆ ಅವರಿಬ್ಬರೂ ನಮ್ಮ ಕೌಂಟರಿನಲ್ಲಿ ಕೂತು ಟೀ ಕುಡಿಯುತ್ತಿದ್ದಾಗ ಹುಡುಗಿಯ ತಾಯಿ ಬಾಗಿಲಿಗೇ ಬಂದು ನಿಂತರು. ಹುಡುಗಿ ಬೆಚ್ಚಿಬಿದ್ದು ಎದ್ದು ನಿಂತಳು. ಅಳಿಯ ಟೀ ಲೋಟ ಹಿಡಿದುಕೊಂಡೇ ವರ್ಕ್‌ಶಾಪಿಗೆ ನುಗ್ಗಿದ. ನನ್ನ ಗಂಡ ಅವನಿಗೆ ಹಿಂದಿನ ಬಾಗಿಲು ತೋರಿಸುತ್ತಿದ್ದರು.

ಆ ತಾಯಿ ಮೆಟ್ಟಿಲಿನಲ್ಲೇ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನನಗೆ ಹೇಳಿದರು. "ಅಳಿಯಂದ್ರಿಗೆ ಟೀ ಕುಡ್ದು ಹೋಗಕ್ಕೇಳವ್ವ. ಅವ್ರು ಹಿಂದ್ಲ ಬಾಗ್ಲಲ್ಲಿ, ನಾನು ಮುಂದ್ಲ ಬಾಗ್ಲಲ್ಲಿ. ಶಾಸ್ತ್ರ ಏನೂ ಕೆಟ್ಟಿಲ್ಲ."

ಆಕೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಹಿಂದಿನ ವಾರ ಗೂಡು ತಗೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದಾಗ, ಬಸ್ಸಿನ ಕಿಟಕಿಯಿಂದ ಮಗಳು ಗಾಡಿ ಓಡಿಸಿಕೊಂಡು ಬರುವುದನ್ನು ನೋಡಿದರಂತೆ. ಹಿಂದೆ ಅಳಿಯ ಕೂತಿದ್ದನ್ನೂ ನೋಡಿದರಂತೆ. ಮನೆಯಲ್ಲಿ ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ. ಗೂಡಿನ ದುಡ್ಡು ಬ್ಯಾಂಕಿಗೆ ಬಂದ ಮೇಲೆ ಬಿಡಿಸಿಕೊಂಡು ನೇರ ನಮ್ಮ ಅಂಗಡಿಗೆ ಬಂದಿದ್ದರು. ಗಾಡಿ ತಾನೇ ಕೊಡಿಸುವುದಂತೆ, ಮಗಳ ಹೆಸರಿಗೆ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಪೂರ್ತಿ ದುಡ್ಡು ಕೊಟ್ಟರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ಕಮಿಷನ್ನೂ ಇಲ್ಲ, ರಾಮನಗರದ ಡೀಲರ್ ಲೆಕ್ಕದಲ್ಲಿ ಇದು ಗಾಡಿಯೇ ಅಲ್ಲ. ನಾನು ಬಾಯಿ ಸಿಹಿ ಮಾಡಿಕೊಂಡು ವಿವರಿಸಿದೆ. ಸ್ವಲ್ಪ ಈಗ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿಸೋಣ, ಕೈಯಲ್ಲಿರುವ ದುಡ್ಡು ಮುಂದಿನ ಬೆಳೆಗೆ ಆಗುತ್ತದೆ ಅಂದೆ. ಆಕೆ ಎಲ್ಲ ಕೇಳಿಸಿಕೊಂಡು, ಸಾಲ ಮಾಡಿದರೆ ಗಾಡಿ ಪತ್ರದಲ್ಲಿ ಯಾರ ಹೆಸರಿರುತ್ತದೆ ಅಂತ ಕೇಳಿದರು. ನಿಮ್ಮ ಮಗಳ ಹೆಸರೇ ಇರುತ್ತದೆ, ಸಾಲ ತೀರುವ ತನಕ ಕೊಟ್ಟವರ ಹೆಸರೂ ಜೊತೆಗಿರುತ್ತದೆ ಅಂದೆ. ಅದೊಂದು ಬೇಡ ಅಂದರು.

"ಬರೀ ಅವಳ ಹೆಸ್ರೇ ಇರ್ಲಿ ಕಣವ್ವ. ನಂಗೆ ನಮ್ಮವ್ವನ ನೋಡ್ಬೇಕು ಅಂದ್ರೆ ಇವ್ರು ಹೊಲದಿಂದ ಬರ್ಲಿ, ಬಸ್ಸು ಬರ್ಲಿ ಅಂತ ಕಾಯೋದ್ರಲ್ಲೇ ಅವ್ವ ಹೊಂಟೋದ್ಲು. ಇವಳಿಗೆ ಬರ್ಬೇಕು ಅನ್ಸುದ್ರೆ ಯಾರ್ನೂ ಕೇಳ್ದಂಗೆ ಎದ್ದು ಬಂದ್ಬುಡ್ಲಿ."

ಹುಡುಗಿ ಗೋಡೆ ಕಡೆ ತಿರುಗಿ ನಿಂತು ಅಳುತ್ತಿದ್ದಳು. ವರ್ಕ್‌ಶಾಪಿನಲ್ಲಿ ಅಷ್ಟು ಹೊತ್ತು ಇದ್ದ ಸುತ್ತಿಗೆ ಸದ್ದು ನಿಂತಿತ್ತು, ಅಳಿಯನೂ ನನ್ನ ಗಂಡನೂ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಇನ್ನೊಂದು ಮಾತು ಆಡಿದ್ದರೆ ಆ ತಾಯಿಯನ್ನು ಒಪ್ಪಿಸಬಹುದಿತ್ತೋ ಏನೋ. ನಾನು ಸಾಲದ ಫಾರಮ್ಮನ್ನು ಎತ್ತಿ ಡ್ರಾಯರಿಗೆ ಹಾಕಿದೆ. ಬೋರ್ಡು ಹೋದರೆ ಹೋಗಲಿ ಅನ್ನಿಸಿದ್ದು ಆ ಒಂದು ಗಳಿಗೆ ಮಾತ್ರ, ಆದರೆ ನಿಜವಾಗಿ ಅನ್ನಿಸಿತು. ಆಕೆ ಕೇಳದ ಸೀಟ್ ಕವರನ್ನೂ, ಮ್ಯಾಟನ್ನೂ ನಾನೇ ಹಾಕಿಸಿ ಕೊಟ್ಟೆ. ಶ್ರಾವಣದ ಮೊದಲ ಶುಕ್ರವಾರ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅತ್ತೆ ಅಳಿಯ ಒಂದೇ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗೆ ಹುಡುಗಿ ಗಾಡಿ ತಗೊಂಡು ಹೋದಳು.

ದಸರಾ ಆಯಿತು. ದೊಡ್ಡ ಡೀಲರ್ ಹೇಳಿದ ಮಾತು ತಪ್ಪುವವರಲ್ಲ. ಕೆಟ್ಟವರೂ ಅಲ್ಲ, ನಾನೂ ಕಂಪನಿಗೆ ಉತ್ತರ ಹೇಳಬೇಕಲ್ಲಮ್ಮ ಅಂದರು. ಮೇನ್ ರೋಡಿನಲ್ಲಿ ಬೇರೆಯವರ ಗಾಜಿನ ಶೋರೂಮ್ ಎದ್ದಿತು. ನಮ್ಮ ಬೋರ್ಡನ್ನು ನನ್ನ ಗಂಡ ತಾವೇ ಏಣಿ ಹತ್ತಿ ಬಿಚ್ಚಿದರು, ಕೆಳಗಿಳಿಸಿ ಅದರ ಧೂಳು ಒರೆಸಿ ಕಳಿಸಿಕೊಟ್ಟರು. ನಾನು ಒಳಗೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ. ಮುಂದಿನ ಒಂದು ಶಟರನ್ನು ಬಾಡಿಗೆಗೆ ಕೊಟ್ಟು, ಬರೀ ಗ್ಯಾರೇಜು ಇಟ್ಟುಕೊಂಡೆವು.

ಗ್ಯಾರೇಜಿನಲ್ಲಿ ಬದುಕು ನಡೆಯುತ್ತದೆ ಅನ್ನುವ ಧೈರ್ಯ ನನಗಿರಲಿಲ್ಲ. ನಾವೇ ಮಾರಿದ ಗಾಡಿಗಳಿಗೆ ಮೊದಲ ಕೆಲವು ಸರ್ವೀಸು ಕಂಪನಿಯಿಂದ ಫ್ರೀ, ಆದರೆ ಬೋರ್ಡು ಇರುವ ಕಡೆ ಮಾತ್ರ. ಹಾಗಾಗಿ ಗಿರಾಕಿಗಳೆಲ್ಲ ಗಾಜಿನ ಶೋರೂಮಿಗೆ ಹೋದರು, ಅವರದ್ದೇನೂ ತಪ್ಪಿಲ್ಲ. ಗುಡೇಮಾರನಹಳ್ಳಿ ಹುಡುಗಿ ಮಾತ್ರ ನಮ್ಮಲ್ಲಿಗೇ ಬಂದಳು, ದುಡ್ಡು ಕೊಟ್ಟೇ ಮಾಡಿಸುತ್ತೇನೆ ಅಂದಳು. ನನಗೆ ಕಣ್ಣು ತುಂಬಿ ಬಂತು. ನನ್ನ ಗಂಡ ಏನು ಮಾಡಬೇಕು ಹೇಳಿ? ಫ್ರೀ ಸರ್ವೀಸ್ ತಪ್ಪಿಸಿದರೆ ವಾರಂಟಿಗೆ ತೊಂದರೆ ಆಗುತ್ತದೆ, ಸುಮ್ಮನೆ ಅಲ್ಲಿಗೇ ಹೋಗು ತಾಯಿ ಅಂತ ಬುದ್ಧಿ ಹೇಳಿ, ಟೈರಿಗೆ ಗಾಳಿ ಹಾಕಿ ಕಳಿಸಿದರು. ಅವತ್ತು ಸಂಜೆ ತನಕ ನಾನು ಕಂಡಕಂಡದ್ದಕ್ಕೆಲ್ಲ ಸಿಡುಕಿದೆ. ಬಂದ ಒಂದು ಗಾಡಿಯನ್ನೂ ಕಳಿಸಿಬಿಟ್ಟರಲ್ಲ ಅಂತ ಹೊಟ್ಟೆ ಉರಿಯಿತು. ಅವರು ಖಾಲಿ ವರ್ಕ್‌ಶಾಪನ್ನು ಗುಡಿಸಿ ಕೂತಿದ್ದರು.

ಆ ಚಳಿಗಾಲ, ಆ ಬೇಸಿಗೆ ಹೇಗೋ ತಳ್ಳಿದೆವು. ಹಳೇ ಗಾಡಿಗಳು, ಪಂಕ್ಚರು, ಪಂಪ್‌ಸೆಟ್ಟು, ಏನು ಬಂದರೂ ಇವರು ಇಲ್ಲ ಅನ್ನಲಿಲ್ಲ. ಮಳೆಗಾಲ ಬಂದು ಮತ್ತೆ ಶ್ರಾವಣವೂ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಸ್ಕೂಟರ್ ನಮ್ಮ ಗ್ಯಾರೇಜಿನ ಮುಂದೆ ಬಂದು ನಿಂತಿತು. ಹುಡುಗಿ ಓಡಿಸುತ್ತಿದ್ದಳು, ಹಿಂದೆ ಅವರಮ್ಮ ಕೂತಿದ್ದರು. ಮೀಟರ್ ನೋಡಿ ನನ್ನ ಗಂಡ ದಂಗಾದರು. ಇಷ್ಟು ಓಡಿಸಿದ್ದೀಯಲ್ಲ ಎಲ್ಲಿಗೆ ಅಂದರೆ, ಅಕ್ಕೂರಿಂದ ಅಮ್ಮನ ಮನೆಗೆ, ಅಮ್ಮನ ಮನೆಯಿಂದ ಅಕ್ಕೂರಿಗೆ ಅಂದಳು. ಅವಳ ಹಿಂದೆಯೇ ಇನ್ನೂ ಎರಡು ಗಾಡಿ ಬಂದು ನಿಂತವು, ಎರಡೂ ಗುಡೇಮಾರನಹಳ್ಳಿಯವು, ಎರಡೂ ನಾವೇ ಮಾರಿದವು.

ತಾಯಿ ಗಾಡಿಯಿಂದ ನಿಧಾನಕ್ಕೆ ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು ನನ್ನ ಪಕ್ಕದಲ್ಲಿ ಬಂದು ಕೂತರು.

"ಫ್ರೀದೆಲ್ಲ ಮುಗೀತು ಕಣವ್ವ," ಅಂದರು. "ಇನ್ಮ್ಯಾಕೆ ದುಡ್ಡು ಕೊಟ್ಟು ಮಾಡ್ಸೋದಲ್ವಾ, ಅದ್ಕೇ ಎಲ್ರುನೂ ಕರ್ಕೊಂಡು ನಿಮ್ತಾವ್ಲೇ ಬಂದೊ."