ಮೇಸ್ತ್ರಿ ತಾತ ಕಟ್ಟುವ ಕೇಕು

ನಮ್ಮ ಪಕ್ಕದ ಮನೆಯ ಮೇಸ್ತ್ರಿ ತಾತ ನಲವತ್ತು ವರ್ಷ ಊರಿನವರಿಗೆಲ್ಲ ಮನೆ ಕಟ್ಟಿಕೊಟ್ಟು, ಈಗ ಮೊಮ್ಮಗಳ ಹುಟ್ಟುಹಬ್ಬಕ್ಕೆ ವರ್ಷಕ್ಕೊಂದು ಕೇಕು ಕಟ್ಟುತ್ತಾರೆ. ‘ಮಾಡುವುದು’ ಎಂದರೆ ಅವರಿಗೆ ಸಿಟ್ಟು; ‘ಕಟ್ಟುವುದು’ ಎಂದೇ ಅನ್ನಬೇಕು. ತಿಂಗಳಿರುವಾಗಲೇ ಅಡುಗೆಮನೆಯ ಗೋಡೆಗೆ ನಕ್ಷೆ ಅಂಟಿಸುತ್ತಾರೆ. ಕೇಕಿಗೆಂದೇ ಕೊಂಡ ಕರಣೆಯನ್ನು ಕುದಿನೀರಿನಲ್ಲಿ ತೊಳೆದು ಅದರಲ್ಲೇ ಕ್ರೀಮು ಮೆತ್ತುತ್ತಾರೆ. “ಅಂಗಡೀದೇ ತರೋಣ ಮಾವ” ಎಂದು ಸೊಸೆ ಬಾಯಿ ತೆರೆದರೆ ಸಾಕು, “ಕ್ರೀಮಂದ್ರೆ ಗಾರೆ ಇದ್ದ ಹಾಗೆ ಕಣಮ್ಮ, ನೀರು ಹೆಚ್ಚಾದ್ರೆ ಕಟ್ಟಡ ಕೂತ್ಕೊಳ್ಳುತ್ತೆ. ಅಂಗಡಿಯೋನಿಗೆ ಅದೇನು ಗೊತ್ತು?” ಎನ್ನುತ್ತಾರೆ. ಮೂರನೆಯ ವರ್ಷ ಆನೆ ಕೇಕಿನ ಸೊಂಡಿಲಿಗೆ ಆಧಾರ ಕೊಟ್ಟಿದ್ದರು. ನಾಲ್ಕನೆಯ ವರ್ಷ ರೈಲು ಕೇಕಿನ ಪ್ರತಿ ಬೋಗಿಯೂ ನೆಟ್ಟಗಿದೆಯೇ ಎಂದು ತೂಕದ ಗುಂಡು ಹಿಡಿದು ನೋಡಿದ್ದರು. ಹೊಗಳಲು ಹತ್ತಿರ ಹೋದವರಿಗೆ “ಇನ್ನೂ ಹಸಿ, ಮುಟ್ಬೇಡಿ!” ಎಂಬ ಗದರಿಕೆಯೇ ಉತ್ತರ. ಈ ಸಲ ಐದು ತುಂಬುವ ಮೊಮ್ಮಗಳು “ತಾತ, ನಂಗೆ ನಮ್ದೇ ಮನೆ ಬೇಕು” ಎಂದಳು. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲೇ ಕಳೆದ ತಾತ ಎರಡು ದಿನ ಪೆನ್ಸಿಲ್ ಮುಟ್ಟಲಿಲ್ಲ. ಮೂರನೆಯ ದಿನ ಕೆಲಸ ಶುರುವಾಯಿತು: ಬಿಸ್ಕತ್ತಿನ ಗೋಡೆ, ಚಾಕೊಲೇಟ್ ಬಾಗಿಲು, ಸೊಸೆಗೆ ದೊಡ್ಡ ಅಡುಗೆಮನೆ, ಮಗುವಿಗೆ ಕಿಟಕಿಯಿರುವ ಕೋಣೆ. ಹುಟ್ಟುಹಬ್ಬದ ದಿನ ಅವಳು ಕೇಕಿನ ಮನೆಯನ್ನು ಸುತ್ತಲೂ ನೋಡಿ, “ನಿನ್ ಕೋಣೆ ಎಲ್ಲಿ ತಾತ?” ಎಂದಳು. ತಾತ ತಬ್ಬಿಬ್ಬಾದರು, ಕಟ್ಟಿದವನೂ ಒಳಗೆ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಅವಳೇ ಒಂದು ಬಿಸ್ಕತ್ತು ತಂದು ತನ್ನ ಕೋಣೆಯ ಪಕ್ಕ ಚುಚ್ಚಿ, “ಇಲ್ಲಿ” ಎಂದಳು. ಆ ಗೋಡೆ ಒಂದು ಕಡೆಗೆ ವಾಲಿತ್ತು. ತಾತ ಅದನ್ನು ನೆಟ್ಟಗೆ ಮಾಡಲು ಹೋಗಲಿಲ್ಲ.