ಬೆಟಗೇರಿಯಲ್ಲಿ ಅತ್ತೆ ಕಾಣದಾದಾಗ

ವಿಜಯಪುರದ ನಾದಿನಿಯ ಮನೆಗೆ ಹೊರಟಿದ್ದೆವು, ನಾನು ಮತ್ತು ನನ್ನ ಅತ್ತೆ. ನಮ್ಮೂರು ಡೋಣಿಯಿಂದ ಮೊದಲ ಬಸ್ಸಿಗೇ ಗದಗಕ್ಕೆ ಬಂದಿಳಿದರೆ ರೈಲು ಇದ್ದದ್ದು ಸಂಜೆ ಐದಕ್ಕೆ.

"ಅಲ್ಲೀತನಾ ಟೇಶನ್ನಿನ್ಯಾಗ ಕುಂತ ಏನ ಮಾಡೂದವ್ವಾ? ಅಡ್ಡಾಡಿ ಊರರೆ ನೋಡೂಣು," ಎಂದರು ಅತ್ತೆ.

ಎಪ್ಪತ್ತರ ಹತ್ತಿರದ ಅವರು ಎಷ್ಟೋ ಸಲ ಗದಗಕ್ಕೆ ಬಂದವರೇ. ಪ್ರತಿ ಸಲವೂ ಯಾರದೋ ಬಾಣಂತನಕ್ಕೆ, ಇಲ್ಲವೇ ದವಾಖಾನೆಗೆ. ಪರಿಚಯದ ಬಟ್ಟೆ ಅಂಗಡಿಯಲ್ಲಿ ಚೀಲಗಳನ್ನಿಟ್ಟು ನಡೆಯತೊಡಗಿದೆವು. ವೀರನಾರಾಯಣನ ಗುಡಿ ಆಯಿತು. ತ್ರಿಕೂಟೇಶ್ವರದಲ್ಲಿ ಅವರು ಒಂದೊಂದೇ ಕಂಬವನ್ನು ಮುಟ್ಟುತ್ತ ನಿಂತರು. ಬಿಸಿಲೇರುತ್ತಿತ್ತು. "ಜಲ್ದಿ ನಡೀರಿ ಅತ್ತಿ, ಎಲ್ಲಾ ಕಂಬಾನೂ ಒಂದ ಥರಾ ಅದಾವು," ಎಂದೆ ನಾನು. ಅವರು ಕಂಬದಿಂದ ಕೈ ತೆಗೆದು ಹಿಂದೆ ಬಂದರು.

ಗಿರ್ಮಿಟ್ ತಿಂದು ನಿಧಾನವಾಗಿ ಬೆಟಗೇರಿ ಸೇರುವಾಗ ಮೂರು ದಾಟಿತ್ತು. ಮೊಣಕಾಲು ನೋಯುತ್ತಿದೆ ಎಂದರು. ಔಷಧಿ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂರಿಸಿ, "ಇಲ್ಲೇ ಕುಂತಿರ್ರಿ, ಈಗ ಬಂದೆ," ಎಂದು ಒಳಗೆ ಹೋದೆ. ಮುಲಾಮು ಹಿಡಿದು ಹೊರಗೆ ಬಂದರೆ ಕಟ್ಟೆ ಖಾಲಿ.

ಮೊದಲು ಸಿಟ್ಟು ಬಂತು. ಅತ್ತ ಇತ್ತ ನೋಡಿದೆ, ಅಲ್ಲೇ ಎಲ್ಲೋ ಇರುತ್ತಾರೆಂದು. ಎರಡು ಗಲ್ಲಿ ಸುತ್ತಿ ಬರುವಷ್ಟರಲ್ಲಿ ಸಿಟ್ಟು ಇಳಿದು ಹೆದರಿಕೆ ಶುರುವಾಯಿತು. ಅವರ ಬಳಿ ಫೋನಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆಗಳು ನನ್ನ ಕೈಚೀಲದಲ್ಲಿವೆ. ನಾದಿನಿಯ ಮನೆಯ ವಿಳಾಸವನ್ನು ನಾನೇ ಅವರಿಗೆ ಹೇಳಿಕೊಟ್ಟಿರಲಿಲ್ಲ. ಗಂಡನಿಗೆ ಫೋನು ಮಾಡಲು ಹೋಗಿ ಮೂರು ಸಲ ಕಟ್ ಮಾಡಿದೆ. ಏನೆಂದು ಹೇಳಲಿ?

ಚೌಕದಲ್ಲಿದ್ದ ಪೊಲೀಸನೊಬ್ಬನಿಗೆ ಹೇಳಿದೆ. ಆತ ಸಮಾಧಾನದಿಂದಲೇ ಕೇಳಿದ. "ಫೋಟೋ ಐತೇನ್ರಿ?"

ಫೋನು ತೆರೆದೆ. ಮಗಳ ಹುಟ್ಟುಹಬ್ಬ, ಸೀಮಂತ, ಗೃಹಪ್ರವೇಶ. ಅತ್ತೆ ಎಲ್ಲದರಲ್ಲೂ ಇದ್ದರು, ಒಂದು ಮೂಲೆಯಲ್ಲಿ. ಒಂದರಲ್ಲಿ ತಾಟು ಹಿಡಿದು ಬೆನ್ನು ತಿರುಗಿಸಿದ್ದರು, ಇನ್ನೊಂದರಲ್ಲಿ ಅರ್ಧ ಹೆಗಲಷ್ಟೇ ಬಿದ್ದಿತ್ತು. ಮುಖ ಕಾಣುವ ಒಂದೂ ಇರಲಿಲ್ಲ.

"ಇರ್ಲಿ ಬಿಡ್ರಿ. ಸೀರಿ ಯಾವ ಬಣ್ಣ?"

"ಹಸರ... ಅಲ್ಲ, ನೀಲಿ ಇರಬೇಕ್ರಿ."

ಬೆಳಿಗ್ಗೆಯಿಂದ ಅವರ ಜೊತೆ ನಡೆದಿದ್ದೆ. ಆತ ನನ್ನ ಮುಖವನ್ನೇ ನೋಡಿದ. ನಾನು ನೆಲ ನೋಡಿದೆ.

ಮತ್ತೆ ನೇಕಾರರ ಓಣಿಗಳಲ್ಲಿ ಹುಡುಕತೊಡಗಿದೆ. ಮನೆ ಮನೆಯಿಂದಲೂ ಮಗ್ಗದ ಸದ್ದು. ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಐದು ಹೊಡೆಯಿತು. ರೈಲಿನ ಯೋಚನೆಯನ್ನು ಬಿಟ್ಟೇಬಿಟ್ಟಿದ್ದೆ. ಒಂದು ಬಾಗಿಲ ಮುಂದೆ ಅವರ ಚಪ್ಪಲಿಗಳು ಕಂಡವು. ಒಳಗೆ ನೇಕಾರ ಹೆಣ್ಣುಮಗಳೊಬ್ಬಳು ಮಗ್ಗದಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಣೆಯ ಮೇಲೆ ಅತ್ತೆ, ಕಾಲು ಚಾಚಿಕೊಂಡು, ಕೈಯಲ್ಲಿ ಚಹಾದ ಕಪ್ಪು.

ಹೊಸ್ತಿಲ ಮೇಲೆ ಕೂತೆ.

"ಎಷ್ಟ ಹುಡುಕಿದೇನ್ರಿ ನಾ," ಎಂದೆ.

"ಗೊತ್ತೈತಿ. ಮಗ್ಗದ ಸದ್ದ ಕೇಳಿ ನೋಡಾಕ ಬಂದಿದ್ದೆ. ಎರಡ ಸಲ ಇದ ಬಾಗಲಾ ದಾಟಿ ಹೋದಿ."

"ನೋಡಿದ್ರೇನ್ರಿ? ಮತ್ತ ಯಾಕ ಕರೀಲಿಲ್ಲ?"

ಅತ್ತೆ ಕಪ್ಪು ಕೆಳಗಿಟ್ಟರು. "ಕರದ್ರ ಏಳಬೇಕಾಗ್ತಿತ್ತಲ್ಲ. ಇನ್ನೊಂದೀಟ ಕುಂಡ್ರಬೇಕನಿಸ್ತು. ತಪ್ಪ ಆತು."

ನೇಕಾರ ಹೆಣ್ಣುಮಗಳು ಮಗ್ಗ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು. "ನಿಮ್ಮ ಸೊಸಿ ಅಂತ ಗೊತ್ತಿದ್ರ ನಾನರೆ ಕರೀತಿದ್ದೆನ್ರಿ," ಎಂದು ಅತ್ತೆಗೆ ಹೇಳಿ ನನಗೆ ನೀರು ತಂದಳು.

ಬಯ್ಯಬೇಕೆಂದು ಬಾಯಿಗೆ ಬಂದ ಮಾತುಗಳು ಬಹಳವಿದ್ದವು. ನೀರು ಕುಡಿದೆ. ಅತ್ತೆ ಏಳಲು ನನ್ನ ಹೆಗಲಿನ ಕಡೆ ಕೈ ಚಾಚಿದರು. "ಕುಂಡ್ರಿ," ಎಂದೆ. ದನಿ ಇನ್ನೂ ಗಡುಸಾಗಿಯೇ ಇತ್ತು. ಅವರ ಕಾಲ ಬಳಿ ಕೂತು ಮೊಣಕಾಲಿಗೆ ಮುಲಾಮು ಹಚ್ಚಿದೆ. ಸೀರೆ ನೇರಳೆ ಬಣ್ಣದ್ದಾಗಿತ್ತು.

ನಾದಿನಿಗೆ ಫೋನು ಮಾಡಿ ಬಸ್ಸಿಗೆ ಬರುತ್ತೇವೆಂದೆ. ರೈಲು ಯಾಕೆ ತಪ್ಪಿತೆಂದು ಅವಳು ಕೇಳಿದಾಗ ಅತ್ತೆ ಫೋನು ಇಸಿದುಕೊಂಡು, "ನಾನ ತಪ್ಪಿಸಿದೆ," ಎಂದರು. ಆಮೇಲೆ ಮಗ್ಗದ ಕಡೆ ತಿರುಗಿ, ಈ ಅಂಚು ಮುಗಿಯಲು ಇನ್ನೆಷ್ಟು ದಿನ ಹಿಡಿಯುತ್ತದೆಂದು ವಿಚಾರಿಸತೊಡಗಿದರು.